ದನಿಮನೆಯ ಹೆಸರು ಹೋದ ದಿನ

ಖಂಡೇನವಮಿಯ ದಿನ ಹುಬ್ಬಳ್ಳಿಯಲ್ಲಿ ಯಂತ್ರಗಳಿಗೆ ರಜೆ. ಲೇಥ್ ಮಶೀನು, ಹಿಟ್ಟಿನ ಗಿರಣಿ, ಆಟೋರಿಕ್ಷಾ, ಕಂಪ್ಯೂಟರು ಎಲ್ಲವೂ ಮೈ ಒರೆಸಿಕೊಂಡು, ವಿಭೂತಿ ಬಳಿಸಿಕೊಂಡು, ಚೆಂಡು ಹೂವಿನ ಹಾರ ಹಾಕಿಸಿಕೊಂಡು ಕೂತುಬಿಡುತ್ತವೆ. ಮರುದಿನ ಬನ್ನಿ ಮುಡಿಯುವವರೆಗೆ ಅವನ್ನು ಯಾರೂ ಮುಟ್ಟುವುದಿಲ್ಲ. ವರ್ಷವಿಡೀ ನಮಗಾಗಿ ದುಡಿಯುವ ಕಬ್ಬಿಣಕ್ಕೆ ಒಂದು ದಿನ ಬಿಡುವು ಕೊಡುವ ಪದ್ಧತಿಯನ್ನು ನಾನಂತೂ ಆಡಿಕೊಳ್ಳುವವನಲ್ಲ. ಆದರೆ ಆ ವರ್ಷ ಈ ಪದ್ಧತಿಯಿಂದಾಗಿ ನಾಲ್ಕುನೂರಕ್ಕೂ ಹೆಚ್ಚು ಜನ ತಮ್ಮ ದನಿ ಕಳೆದುಕೊಂಡರು. ತಪ್ಪು ಪದ್ಧತಿಯದಲ್ಲ, ವಿಮಲಾ ಕುಬಸದ ಎಂಬ ಹೆಂಗಸಿನದು. ಹಾಗೆಂದು ಅವಳೇ ಹೇಳುತ್ತಾಳೆ, ಯಾರು ಸಮಾಧಾನ ಹೇಳಿದರೂ ಕೇಳುವುದಿಲ್ಲ.

ವಿಮಲಾ ಮೊದಲು ಟೆಲಿಫೋನ್ ಇಲಾಖೆಯಲ್ಲಿದ್ದವಳು. ಗಂಡ ಫಕ್ಕೀರಪ್ಪನಿಗೆ ಗಂಟಲ ಕ್ಯಾನ್ಸರ್ ಆದಮೇಲೆ ಆ ನೌಕರಿ ಬಿಟ್ಟು ದನಿಮನೆ ಎಂಬ ಸಂಸ್ಥೆಗೆ ಬಂದಿದ್ದಳು. ಕೈಗಾರಿಕಾ ವಸಾಹತಿನಲ್ಲಿ ಪ್ಲಾಸ್ಟಿಕ್ ಪೈಪಿನ ಕಾರ್ಖಾನೆಯೊಂದರ ಮಾಳಿಗೆ ಮೇಲಿನ ಎರಡು ಕೋಣೆಗಳೇ ದನಿಮನೆ. ಗಂಟಲಿನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಕೊರಳಿಗೊಂದು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅವರು ತುಟಿ ಆಡಿಸಿದರೆ ಸಾಕು, ಕೊರಳಿನ ಸ್ನಾಯುಗಳ ಅಲುಗಾಟವನ್ನು ಪಟ್ಟಿ ಓದಿಕೊಂಡು ಗಟ್ಟಿಯಾಗಿ ಮಾತಾಡುತ್ತದೆ. ಯಾರ ದನಿಯಲ್ಲಿ? ಅವರದೇ ದನಿಯಲ್ಲಿ. ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಯನ್ನು ಕರೆಸಿ, ಕೂರಿಸಿ, ಮಾತಾಡಿಸಿ, ನಗಿಸಿ, ರೇಗಿಸಿ ಬೈಸಿ, ದನಿಯ ಏರಿಳಿತವನ್ನೆಲ್ಲ ದನಿಮನೆಯವರು ಯಂತ್ರಕ್ಕೆ ಕಲಿಸಿಡುತ್ತಿದ್ದರು. ಗಂಟಲು ಹೋದಮೇಲೂ ಮನುಷ್ಯ ತನ್ನ ಹೆಂಡತಿಯ ಹತ್ತಿರ ತನ್ನ ದನಿಯಲ್ಲೇ ಜಗಳಾಡಬಹುದಿತ್ತು.

ಆದರೆ ಒಬ್ಬ ಮನುಷ್ಯನ ದನಿ ಅಷ್ಟು ಸಣ್ಣ ಪಟ್ಟಿಯಲ್ಲಿ ಹಿಡಿಸುವುದಿಲ್ಲ. ಅದು ದನಿಮನೆಯ ಸರ್ವರಿನಲ್ಲೇ ಇರುತ್ತಿತ್ತು. ಪಟ್ಟಿಗೆ ಗೊತ್ತಿದ್ದದ್ದು ಅಂತರ್ಜಾಲದಲ್ಲಿ ದನಿಮನೆಗಿದ್ದ ಹೆಸರೊಂದೇ. ದಿನಾ ಬೆಳಗ್ಗೆ ಪಟ್ಟಿ ಆ ಹೆಸರಿನ ಬಾಗಿಲು ತಟ್ಟಿ, ನನ್ನ ಯಜಮಾನನ ದನಿ ಕೊಡಿ ಎಂದು ಕೇಳಿ ಪಡೆಯುತ್ತಿತ್ತು. ಕಳ್ಳರು ಪಟ್ಟಿಯನ್ನು ಬೇರೆ ದಾರಿಗೆ ತಿರುಗಿಸಬಾರದೆಂದು ಅದನ್ನು ಮಾಡಿದ ಕಂಪನಿ ಹೆಸರನ್ನು ಅದರ ಚಿಪ್‌ನೊಳಗೆ ಅಳಿಸಲಾಗದಂತೆ ಕೊರೆದುಬಿಟ್ಟಿತ್ತು. ಆಮೇಲೆ ಆ ಕಂಪನಿಯೇ ಮುಚ್ಚಿಹೋಯಿತು. ಹೊಸ ಪಟ್ಟಿ ಮಾಡುವವರಿಲ್ಲ, ಹಳೆಯದನ್ನು ತಿದ್ದುವವರಿಲ್ಲ.

ಇನ್ನು ಅಂತರ್ಜಾಲದ ಹೆಸರು ಯಾರ ಸ್ವಂತದ್ದೂ ಅಲ್ಲ. ಬಾಡಿಗೆ ಮನೆಯ ಹಾಗೆ ವರ್ಷವರ್ಷ ನವೀಕರಿಸಿ ಉಳಿಸಿಕೊಳ್ಳಬೇಕು. ದೂರದಲ್ಲಿ ಕೂತ ಕಳ್ಳರು ಹೆಸರುಗಳನ್ನು ಕದಿಯುತ್ತಿದ್ದ ಕಾಲವಾದ್ದರಿಂದ ದನಿಮನೆ ತನ್ನ ಬೀಗವನ್ನು ಬಿಗಿ ಮಾಡಿಕೊಂಡಿತ್ತು. ನಿಯಂತ್ರಣ ಕೋಣೆಯ ಯಂತ್ರದ ಮುಂದೆ ಕೂತು, ಅಂಗೈಯಗಲದ ಒಂದು ಗಾಜಿನ ಮೇಲೆ ವಿಮಲಾ ಹೆಬ್ಬೆರಳು ಒತ್ತಿದರೆ ಮಾತ್ರ ನವೀಕರಣ. ಆ ವರ್ಷ ಅದರ ಕಡೆಯ ದಿನ ಖಂಡೇನವಮಿಯಂದೇ ಬಂದಿತ್ತು.

ಬೆಳಗ್ಗೆಯೇ ಮಾಡಿಬಿಡಬೇಕೆಂದು ವಿಮಲಾ ಬಂದಳು. ಅವಳಿಗಿಂತ ಮೊದಲೇ ಪಟ್ಟಿಯವರು ಬಂದಿದ್ದರು. ತಮ್ಮ ದನಿ ಇರುವ ಯಂತ್ರಕ್ಕೆ ತಾವೇ ಪೂಜೆ ಮಾಡುತ್ತೇವೆಂದು ಹೂವು, ಕಾಯಿ, ಊದಿನಕಡ್ಡಿ ತಂದಿದ್ದರು. ಕೇಶ್ವಾಪುರದ ದ್ಯಾಮವ್ವ ಎಲ್ಲರಿಗಿಂತ ಮುಂದೆ. ಕುಂಕುಮವನ್ನು ನೀರಿನಲ್ಲಿ ಕಲಸಿ, ಎಲ್ಲಿ ಹಚ್ಚಲೆಂದು ಹುಡುಕಿ, ಯಂತ್ರದ ಹಣೆಯಂತೆ ಕಂಡ ಆ ಗಾಜಿನ ಮೇಲೇ ದಪ್ಪಗೆ ಒತ್ತಿ, ಮೇಲೆ ನಾಲ್ಕು ಅಕ್ಕಿಕಾಳು ಅಂಟಿಸಿದ್ದಳು. ಈಗ ಕೈಮುಗಿದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ವಿಮಲಾಳ ಜೊತೆ ಕೆಲಸ ಮಾಡುವ ಎಂಜಿನಿಯರ್ ನದಾಫ್ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಮೇಡಂ, ಹೆಸರಿಂದು ಇವತ್ತ ಕಡೀ ದಿನ ಐತ್ರಿ. ಗಾಜು ನೀವ ಒರಸ್ರಿ. ನಾ ಒರಸಿದ್ರ ಮಂದಿ ಬ್ಯಾರೆ ತಿಳ್ಕೋತಾರ."

ವಿಮಲಾ ಗಾಜನ್ನು ನೋಡಿದಳು, ದ್ಯಾಮವ್ವನನ್ನು ನೋಡಿದಳು. "ಮುದುಕಿ ಎದುರಿಗೆ ಹೆಂಗ ಒರಸೂದ್ರಿ? ಇರ್ಲಿ ಬಿಡ್ರಿ. ನಾಳಿ ಬನ್ನಿ ಮುಡಿದ ಮ್ಯಾಲ ಮಾಡಿದ್ರಾತು. ತಡಾ ಆದ್ರೂ ತಿಂಗಳ ಮ್ಯಾಲ ಮುದ್ದತ್ ಇರತೈತಿ."

"ಹೊಸಾ ನಿಯಮ ಏನೋ ಬಂದೈತಿ ಅಂತ ಮೇಲ್ ಬಂದಿತ್ತಲ್ಲರಿ."

"ಅವರು ವರ್ಷಾ ಒಂದ್ ನಿಯಮಾ ತರತಾರ ಬಿಡ್ರಿ ನದಾಫ್ ಸರ," ಎಂದು ವಿಮಲಾ ನಕ್ಕಳು.

ಆ ಮೇಲ್ ಅವಳು ತೆರೆದಿರಲಿಲ್ಲ. ದ್ಯಾಮವ್ವ ಹೋಗುವವರೆಗೆ ಕಾಯಬಹುದಿತ್ತು. ಸಂಜೆ ಇನ್ನೊಮ್ಮೆ ಬರಬಹುದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆರಳು ಒತ್ತಿ, ಮತ್ತೆ ಕುಂಕುಮ ಹಚ್ಚಿದ್ದರೂ ಯಾವ ದೇವರೂ ಸಿಟ್ಟಾಗುತ್ತಿರಲಿಲ್ಲ. ಮನೆಯಲ್ಲಿ ಹೋಳಿಗೆಗೆ ಕಡಲೆಬೇಳೆ ನೆನೆಹಾಕಿ ಬಂದಿದ್ದಳು. ಅದಕ್ಕೇ ಬೇಗ ಹೊರಟುಬಿಟ್ಟಳು.

ಮರುದಿನ ಬೆಳಗ್ಗೆ ವಿಮಲಾ ಚಹಾ ಕುದಿಸುತ್ತಿದ್ದಳು. ಫಕ್ಕೀರಪ್ಪ ಸ್ನಾನ ಮುಗಿಸಿ, ಬಿಳಿ ಅಂಗಿ ತೊಟ್ಟು, ಪಟ್ಟಿ ಕಟ್ಟಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

ಫಕ್ಕೀರಪ್ಪನ ದನಿಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅವನು ಉಳ್ಳಾಗಡ್ಡಿ ಪೇಟೆಯಲ್ಲಿ ಈರುಳ್ಳಿ ಹರಾಜಿನ ಸವಾಲು ಕೂಗುವವನಾಗಿದ್ದ. ಉಳ್ಳಾಗಡ್ಡಿ ಚೀಲಗಳ ಗುಡ್ಡದ ಮೇಲೆ ನಿಂತು ಅವನು ಬಾಯಿ ತೆರೆದರೆ ಸುಮ್ಮನೆ ನೋಡಲು ಬಂದವರೂ ಚೀಲ ಕೊಂಡು ಹೋಗುತ್ತಿದ್ದರು. ಆ ದನಿಯಲ್ಲಿ ಒಂದು ಸಲಿಗೆಯಿತ್ತು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎನ್ನುವ ಅಕ್ಕರೆಯಿತ್ತು, ಕೊನೆಯಲ್ಲಿ ಒಂದು ಸಣ್ಣ ನಗುವಿತ್ತು. ಮನೆಯಲ್ಲೂ ಹಾಗೆಯೇ. ಪಟ್ಟಿ ಬಂದಮೇಲೂ ಪ್ರತಿ ಬೆಳಗ್ಗೆ, "ಬರ್ರೆಪಾ ಬರ್ರಿ, ಕುಬಸದ ಸಾವಕಾರ್ರ ಚಹಾ ಸವಾಲಿಗೈತಿ, ಯಾರ್ ಕುಡಿತೀರಿ?" ಎಂದು ಕೂಗಿಯೇ ಕಪ್ಪು ಎತ್ತಿಕೊಳ್ಳುತ್ತಿದ್ದ. ವಿಮಲಾ ಬೇಸರವಾದಂತೆ ನಟಿಸುತ್ತಿದ್ದಳು.

ಆ ಬೆಳಗ್ಗೆ ಬಾಗಿಲಿನಿಂದ ಬಂದದ್ದು ಬೇರೆ ದನಿ. "ಬರ್ರೆಪಾ ಬರ್ರಿ," ಎಂದಿತು. ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ. ಏರಿಲ್ಲ, ಇಳಿತವಿಲ್ಲ. ರೈಲ್ವೆ ನಿಲ್ದಾಣದಲ್ಲಿ ಗಾಡಿ ತಡವಾಗಿದೆ ಎಂದು ಹೇಳುವ ಯಂತ್ರಕ್ಕೂ ಅದಕ್ಕಿಂತ ಹೆಚ್ಚು ಜೀವವಿರುತ್ತದೆ.

ವಿಮಲಾಳ ಕೈಯಲ್ಲಿದ್ದ ಸೋಸುವ ಜಾಲರಿ ಹಾಗೇ ನಿಂತಿತು. ಅದು ಪಟ್ಟಿಯ ತುರ್ತು ದನಿ. ಸರ್ವರ್ ಸಿಗದಿದ್ದಾಗ ನೀರು, ಔಷಧ ಕೇಳುವುದಕ್ಕಾದರೂ ಇರಲೆಂದು ಪಟ್ಟಿಯೊಳಗೆ ಇಟ್ಟಿದ್ದ ಒಂದೇ ಒಂದು ದನಿ. ಎಲ್ಲ ಪಟ್ಟಿಗಳಲ್ಲೂ ಅದೇ.

ಫಕ್ಕೀರಪ್ಪ ಪಟ್ಟಿಯನ್ನು ಬಿಚ್ಚಿ, ಕೊಡವಿ, ಮತ್ತೆ ಕಟ್ಟಿಕೊಂಡ. "ಏನಾಗೈತಿ ಇದಕ್ಕ," ಎಂದಿತು ಪಟ್ಟಿ. ಅದು ಪ್ರಶ್ನೆಯಂತೆ ಕೇಳಲೇ ಇಲ್ಲ.

"ಲೈನ್ ಹೋಗಿರಬೇಕ್ರಿ. ನಾ ಹೋಗಿ ನೋಡ್ತೇನಿ," ಎಂದಳು ವಿಮಲಾ. ಏನಾಗಿದೆಯೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಚಹಾ ಸೋಸದೆಯೇ ಚಪ್ಪಲಿ ಮೆಟ್ಟಿದಳು.

ನದಾಫ್ ಆಗಲೇ ನಿಯಂತ್ರಣ ಕೋಣೆಯಲ್ಲಿದ್ದರು. ಗಾಜಿನ ಮೇಲಿನ ಕುಂಕುಮ ಒಣಗಿ ಬಿರುಕು ಬಿಟ್ಟಿತ್ತು. ಸರ್ವರ್ ಸರಿಯಾಗಿಯೇ ನಡೆಯುತ್ತಿತ್ತು. ಎಲ್ಲರ ದನಿಯೂ ಒಳಗೆ ಭದ್ರವಾಗಿತ್ತು. ಬಾಗಿಲು ತಟ್ಟುವವರು ಮಾತ್ರ ಯಾರೂ ಇಲ್ಲ. ನದಾಫ್ ಅಂತರ್ಜಾಲದಲ್ಲಿ ದನಿಮನೆಯ ಹೆಸರು ಬರೆದು ತೋರಿಸಿದರು. ಖಾಲಿ ಬಿಳಿ ಪುಟ. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಹೆಸರು ಈಗ ಬೇರೆಯವರದು, ವಿಚಾರಿಸಲು ಇಲ್ಲಿ ಒತ್ತಿ ಎಂದಿತ್ತು.

ತಡವಾದವರಿಗೆ ಕೊಡುತ್ತಿದ್ದ ಮುದ್ದತ್ತನ್ನು ಆ ವರ್ಷದಿಂದ ತೆಗೆದುಹಾಕಿದ್ದರು. ವಿಮಲಾ ತೆರೆಯದೆ ಬಿಟ್ಟ ಇ-ಮೇಲ್‌ನಲ್ಲಿ ಇದ್ದದ್ದು ಅದೇ. ಹೆಸರುಗಳಿಗೆ ಬರಗಾಲ ಬಂದ ಜಗತ್ತದು. ಫ್ಯಾನಿಗೂ ಒಂದು ಹೆಸರು, ಎಮ್ಮೆಯ ಕಿವಿಯ ಬಿಲ್ಲೆಗೂ ಒಂದು ಹೆಸರು. ಅವಧಿ ತೀರಿದ ಗಳಿಗೆಯಲ್ಲೇ ಹೆಸರನ್ನು ಬಯಲಿಗೆ ಬಿಡುತ್ತಿದ್ದರು, ಅದಕ್ಕೇ ಕಾದು ಕೂತ ಯಂತ್ರಗಳು ಕಣ್ಣು ಮಿಟುಕಿಸುವುದರೊಳಗೆ ಹಿಡಿದುಕೊಳ್ಳುತ್ತಿದ್ದವು. ಉಳ್ಳಾಗಡ್ಡಿ ಸವಾಲಿನಲ್ಲಿ ಕನಿಷ್ಠ ಮೂರು ಸಲವಾದರೂ ಕೂಗುತ್ತಾರೆ.

"ಕೋರ್ಟಿಗೆ ಹೋಗಬಹುದ್ರಿ. ಆದ್ರ ವರ್ಷಗಟ್ಟಲೆ ಆಗತೈತಿ," ಎಂದರು ನದಾಫ್. ಗಾಜಿನ ಕಡೆ ನೋಡಿ, "ನಾನರ ನಿನ್ನೆ ಒರಸಬೇಕಾಗಿತ್ತು. ಮಂದಿ ಏನರ ಅಂದ್ರ ಅನ್ಲಿ ಅಂತ," ಎಂದರು.

"ನಿಮ್ಮದೇನೂ ತಪ್ಪಿಲ್ಲ್ರಿ. ನೀವ್ ಹೇಳಿದ್ರಿ, ನಾ ಕೇಳಲಿಲ್ಲ," ಎಂದಳು ವಿಮಲಾ. ಇಷ್ಟು ಹೇಳಿದ್ದರಿಂದ ಮನಸ್ಸೇನೂ ಹಗುರಾಗಲಿಲ್ಲ.

ಹೊತ್ತೇರುತ್ತಿದ್ದಂತೆ ಪಟ್ಟಿಯವರು ಬರತೊಡಗಿದರು. ಬನ್ನಿ ಹಬ್ಬವಾದ್ದರಿಂದ ಎಲ್ಲರೂ ಹೊಸ ಬಟ್ಟೆಯಲ್ಲಿದ್ದರು, ಎಲ್ಲರ ಕೈಯಲ್ಲೂ ಬನ್ನಿ ಎಲೆ. ಪೈಪಿನ ಕಾರ್ಖಾನೆಯ ಅಂಗಳ ತುಂಬಿತು. ಬೇರೆ ದಿನವಾಗಿದ್ದರೆ ಕೊರಳಿಗೆ ಬೆರಳು ತೋರಿಸಿ ದೂರು ಹೇಳುತ್ತಿದ್ದರೇನೋ. ಅವತ್ತು ಹಬ್ಬ. ಮೊದಲು ಒಬ್ಬರಿಗೊಬ್ಬರು ಬನ್ನಿ ಕೊಟ್ಟುಕೊಂಡರು.

"ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದ ಒಬ್ಬ ಲಾರಿ ಡ್ರೈವರ್. "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದರು ಶಾಲೆಯಲ್ಲಿ ಕಲಿಸುವ ಬಾಯಾರೊಬ್ಬರು. ಅದೇ ದನಿ. ಮುದುಕರು, ಹರೆಯದವರು, ಹೆಂಗಸರು, ಗಂಡಸರು, ಅಂಗಳದ ತುಂಬ ಅದೇ ಒಂದು ದನಿ ತನಗೆ ತಾನೇ ಬನ್ನಿ ಕೊಟ್ಟುಕೊಳ್ಳುತ್ತಿತ್ತು. ಮಾಳಿಗೆಯ ಕಿಟಕಿಯಲ್ಲಿ ನಿಂತಿದ್ದ ವಿಮಲಾಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಿಕೊಳ್ಳಲು ನಾಚಿಕೆಯಾಯಿತು.

ಕೆಳಗಿಳಿದು ಹೋದಳು. "ರಿಪೇರಿ ನಡದೈತ್ರಿ. ಲಗೂನ ಸರಿ ಹೋಗತೈತಿ," ಎಂದು ಸಾರಿದಳು. ಸುಳ್ಳು ಹೇಳಿ ರೂಢಿಯಿಲ್ಲದವಳು ಹೇಳಿದ ಸುಳ್ಳನ್ನು ಎಲ್ಲರೂ ನಂಬಿದರು.

ದ್ಯಾಮವ್ವ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು, ಮೂರು ವರ್ಷದ ಕೂಸು. ಅದು ಅಜ್ಜಿಯ ಕೈ ಹಿಡಿಯದೆ, ತಾಯಿಯ ಸೀರೆಯಲ್ಲಿ ಮುಖ ಹುದುಗಿಸಿ ನಿಂತಿತ್ತು. ದ್ಯಾಮವ್ವ ಬಗ್ಗಿ, "ಬಾ ನನ್ನ ಬಂಗಾರ," ಎಂದಳು. ಪಟ್ಟಿ ಅದನ್ನು ಗೋಡೆಗೆ ಹೇಳಿದಂತೆ ಹೇಳಿತು. ಕೂಸು ಚಿಟ್ಟನೆ ಚೀರಿ, "ಇದು ನಮ್ಮ ಆಯಿ ಅಲ್ಲ! ನಮ್ಮ ಆಯಿ ಬೇಕು!" ಎಂದು ಅಳತೊಡಗಿತು. ದ್ಯಾಮವ್ವ ಪಟ್ಟಿಯ ಗುಂಡಿ ಒತ್ತಿ ಆರಿಸಿ, ಬರಿಗೈಯಲ್ಲಿ ಕೂಸಿನ ಬೆನ್ನು ಸವರಹೋದಳು. ಅದು ಅವಳ ಕೈ ಕೊಸರಿ ದೂರ ಓಡಿತು.

ಆಮೇಲೆ ಮುದುಕಿ ವಿಮಲಾಳನ್ನು ಒಂದು ಬದಿಗೆ ಕರೆದಳು. ಪಟ್ಟಿ ಹಚ್ಚಿ, ಆಚೀಚೆ ನೋಡಿ, ಕೇಳಿದಳು. "ನಿನ್ನೆ ನಾ ಕುಂಕುಮಾ ಹಸೀದ ಹಚ್ಚಿದ್ನೆವಾ. ಒಳಗ ನೀರ ಇಳದು ಏನರ ಕೆಟ್ಟಿತೇನು. ನನ್ನಿಂದ ಇಷ್ಟ್ ಮಂದಿಗೆ ಹಿಂಗಾತೇನವಾ."

ದನಿಯಲ್ಲಿ ಏನೂ ಇರಲಿಲ್ಲ. ಆದರೆ ಮುದುಕಿಯ ಗದ್ದ ನಡುಗುತ್ತಿತ್ತು.

"ಇಲ್ಲ ಆಯಿ, ನಿಮ್ಮಿಂದಲ್ಲ," ಎಂದಳು ವಿಮಲಾ. ಯಾರಿಂದ ಎಂದು ಹೇಳಲು ಬಾಯಿ ತೆರೆದಳು. ಎದುರಿಗೆ ಬನ್ನಿ ಹಿಡಿದು ನಿಂತ ಅಷ್ಟು ಜನ ಕಂಡರು. ಬಾಯಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿಬಿಟ್ಟಳು. ಗಂಟಲು ಸರಿಯಾಗಿದ್ದೂ ಮಾತಾಡದೆ ಬಂದವಳು ಆ ಅಂಗಳದಲ್ಲಿ ತಾನೊಬ್ಬಳೇ ಎಂದು ಅವಳಿಗೆ ಅನ್ನಿಸಿತು.

ನದಾಫ್ ಆ ಬಿಳಿ ಪುಟದ ಮೂಲಕ ವಿಚಾರಿಸಿದ್ದರು. ಮಧ್ಯಾಹ್ನ ಪರದೆಯ ಮೇಲೆ ಒಬ್ಬ ಹುಡುಗಿ ಬಂದಳು. ಹೆಸರು ತನ್ವಿ, ಬೆಂಗಳೂರಿನವಳು. ಫೋನ್ ಮಾಡಿ ಸಾಮಾನು ಮಾರುವ ಯಂತ್ರಗಳನ್ನು ತಯಾರಿಸುವ 'ಸುಸ್ವರ ಸಂಪರ್ಕ' ಎಂಬ ಕಂಪನಿಯವಳು. ಕೆಟ್ಟವಳಂತೆ ಕಾಣಲಿಲ್ಲ. ಹಬ್ಬದ ಶುಭಾಶಯವನ್ನೂ ಹೇಳಿದಳು.

"ನೀವು ತಪ್ಪು ತಿಳ್ಕೋಬೇಡಿ ಮೇಡಂ. ಹೆಸರು ನಾವು ಕದ್ದಿಲ್ಲ. ಖಾಲಿ ಬಿತ್ತು, ನಮ್ಮ ಸಿಸ್ಟಮ್ ತಗೊಳ್ತು. ಅದರ ಹಿಂದೆ ಇಷ್ಟು ಜನ ಪೇಷಂಟ್ಸ್ ಇದ್ದಾರೆ ಅಂತ ನಮಗೂ ಈಗಲೇ ಗೊತ್ತಾಗಿದ್ದು."

"ಗೊತ್ತಾತಲ್ಲವಾ, ವಾಪಸ್ ಕೊಟ್ಟುಬಿಡ್ರಿ. ನಿಮಗೆಷ್ಟ್ ಬಿದ್ದೈತಿ ಅಷ್ಟೂ ಕೊಡ್ತೇವಿ."

"ದುಡ್ಡು ಬೇಡ ಮೇಡಂ. ಅಷ್ಟು ಚಿಕ್ಕ ಮೊತ್ತಕ್ಕೆ ನಮ್ಮ ಮೇಲಿನವರು ಒಪ್ಪಲ್ಲ." ಅವಳು ಏನನ್ನೋ ಒತ್ತಿದಳು. ಕೋಣೆಯಲ್ಲಿ ಫಕ್ಕೀರಪ್ಪನ ದನಿ ಮೊಳಗಿತು. "ಬರ್ರೆಪಾ ಬರ್ರಿ, ದನಿಮನಿಗೆ ಬರ್ರಿ, ಕಳಕೊಂಡಿದ್ದು ಇಲ್ಲೆ ಸಿಗತೈತಿ!"

ದನಿಮನೆಯ ವೆಬ್‌ಸೈಟ್ ತೆರೆದರೆ ಮೊದಲು ಕೇಳುತ್ತಿದ್ದ ಸ್ವಾಗತ ಅದು, ಅದರ ಹಳೆಯ ಪ್ರತಿ ಅಂತರ್ಜಾಲದಲ್ಲಿ ಉಳಿದಿತ್ತು. ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಜನ ಕೇಳಲಿ ಎಂದು ವಿಮಲಾಳೇ ಹಾಕಿದ್ದಳು. ಗಂಡನ ದನಿ ಎಂಬ ಹೆಮ್ಮೆಯೂ ಇತ್ತೆನ್ನಿ.

"ಈ ದನಿ ನಮಗೆ ಬೇಕು," ಎಂದಳು ತನ್ವಿ. "ಸಾವಿರಾರು ದನಿ ಟೆಸ್ಟ್ ಮಾಡಿದೀವಿ ಮೇಡಂ. ಇದನ್ನ ಕೇಳಿದ ಜನ ಫೋನ್ ಕಟ್ ಮಾಡಲ್ಲ. ಇದೊಂದು ಕೊಟ್ಟುಬಿಡಿ. ಹೆಸರು ನಿಮಗೆ ಶಾಶ್ವತವಾಗಿ ವಾಪಸ್, ಬಾಡಿಗೆ ಕೂಡ ನಾವೇ ಕಟ್ಕೊಂಡು ಹೋಗ್ತೀವಿ. ಉಳಿದ ಎಲ್ಲರಿಗೂ ಇವತ್ತೇ ಸಂಜೆ ದನಿ ಬರುತ್ತೆ."

"ಒಂದು ನಕಲು ಕೊಟ್ರ ಸಾಕಲ್ಲ?"

"ನಕಲು ಅಲ್ಲ ಮೇಡಂ. ನಮಗೆ ಮಾತ್ರ ಇರಬೇಕು. ಆ ವ್ಯಕ್ತಿ ಕೂಡ ಇನ್ನು ಬಳಸೋ ಹಾಗಿಲ್ಲ. ನೀವು ಅಲ್ಲಿ ಅಳಿಸಬೇಕಾಗುತ್ತೆ. ಸಂಜೆವರೆಗೂ ಟೈಮ್ ತಗೊಳ್ಳಿ. ಆಮೇಲೆ ಹೆಸರನ್ನ ಬೇರೆಯವರಿಗೆ ಮಾರ್ತಾರೆ, ಅದು ನನ್ನ ಕೈಲಿಲ್ಲ." ಕೊನೆಗೆ, ಅವಳಿಗೂ ಏನೋ ಅನ್ನಿಸಿರಬೇಕು, "ಅವರು ಯಾರು ಮೇಡಂ?" ಎಂದು ಕೇಳಿದಳು.

ವಿಮಲಾ ಪರದೆ ಆರಿಸಿದಳು.

ದನಿ ಕೊಡುವಾಗ ಪ್ರತಿಯೊಬ್ಬರೂ ಅದರ ಮೇಲಿನ ಅಧಿಕಾರವನ್ನು ಯಾರಾದರೂ ಒಬ್ಬರಿಗೆ ಬರೆದುಕೊಡಬಹುದಿತ್ತು. ಹೆಚ್ಚಿನವರು ತಮ್ಮ ಸಾವಿನ ನಂತರ ಎಂದು ಬರೆಸುತ್ತಿದ್ದರು. ಫಕ್ಕೀರಪ್ಪ ಮಾತ್ರ ಈಗಿನಿಂದಲೇ ಪೂರ್ತಿ ವಿಮಲಾಗೆ ಎಂದು ಬರೆಸಿ, "ನನ್ನ ದನಿ ಮನ್ಯಾಗ ಯಾವಾಗ ನಡದೈತಿ? ಎಲ್ಲಾ ಆಕಿದ," ಎಂದು ಎಲ್ಲರನ್ನೂ ನಗಿಸಿದ್ದ. ಹೀಗಾಗಿ ಅವನನ್ನು ಕೇಳಲೇಬೇಕೆಂಬ ಕಾನೂನು ಇರಲಿಲ್ಲ.

"ಯಜಮಾನ್ರನ್ನ ಕೇಳ್ರಿ ಮೇಡಂ," ಎಂದರು ನದಾಫ್. "ಅವರ ದನಿ ಐತಿ."

ವಿಮಲಾ ಫೋನ್ ತೆಗೆದುಕೊಂಡಳು. ಮನೆಗೆ ಹಚ್ಚಿದಳು. ಆ ಕಡೆ ಎತ್ತುವ ಮೊದಲೇ ಕಡಿದಳು. ಅವನು ಆಗಲಿ ಎಂದರೆ? ಆಗಲಿ ಎನ್ನುವ ಮನುಷ್ಯನೇ ಅವನು. ಆ ಆಗಲಿಯನ್ನು ಆ ಸತ್ತ ದನಿಯಲ್ಲಿ ಕೇಳಿ, ಅದರ ಹಿಂದೆ ಎಷ್ಟು ನೋವಿದೆಯೆಂದು ತಿಳಿಯದೆ, ಬೆರಳು ಒತ್ತುವುದು ಹೇಗೆ? ಬೇಡ ಎಂದರೆ? ಬೇಡ ಎನ್ನುವ ಹಕ್ಕೂ ಅವನಿಗಿತ್ತು. ಹಾಗೆಂದರೆ ಅಂಗಳದಲ್ಲಿದ್ದವರ ಮುಖ ನೋಡುವುದು ಹೇಗೆ? ಎರಡು ಉತ್ತರಗಳಲ್ಲಿ ಯಾವುದಕ್ಕೆ ಹೆಚ್ಚು ಹೆದರಿದಳೆಂದು ವಿಮಲಾಗೆ ಈಗಲೂ ಗೊತ್ತಿಲ್ಲ. ಕೆಳಗೆ ಕೂಸಿನ ಅಳು ಇನ್ನೂ ಕೇಳುತ್ತಿತ್ತು. ಸೆರಗಿನಿಂದ ಗಾಜನ್ನು ತಿಕ್ಕಿ ತಿಕ್ಕಿ ಒರೆಸಿ ಹೆಬ್ಬೆರಳು ಒತ್ತಿದಳು. ಫಕ್ಕೀರಪ್ಪನ ದನಿ ಬೆಂಗಳೂರಿಗೆ ಹೋಯಿತು, ಹುಬ್ಬಳ್ಳಿಯಲ್ಲಿ ಅಳಿಸಿಹೋಯಿತು. ಅಷ್ಟು ಸುಲಭದ ಕೆಲಸವಾಗಿತ್ತು ಅದು.

ಸಂಜೆ ಅಂಗಳದಲ್ಲಿ ಒಂದೊಂದಾಗಿ ದನಿಗಳು ಮರಳಿದವು. ಡ್ರೈವರ್ ಗಹಗಹಿಸಿ ನಕ್ಕ. ಬಾಯಾರು ಯಾರನ್ನೋ ಗದರಿದರು. ದ್ಯಾಮವ್ವ ಒರಟಾದ, ಸ್ವಲ್ಪ ಮೂಗಿನಿಂದ ಬರುವ ತನ್ನ ದನಿಯಲ್ಲಿ, "ಎಲ್ಲಿ ನಮ್ಮವ್ವಾ, ಎಲ್ಲಿ ನಮ್ಮ ಬಂಗಾರ?" ಎಂದಳು. ಕೂಸು ತಾಯಿಯ ಸೀರೆಯೊಳಗಿಂದ ಒಂದು ಕಣ್ಣು ಹೊರಗೆ ಹಾಕಿ ನೋಡಿತು, ಆಮೇಲೆ ಓಡಿಬಂದು ಅವಳ ಕೊರಳಿಗೆ ಬಿತ್ತು. ಮುದುಕಿ ಮಾಳಿಗೆಯತ್ತ ನೋಡಿ ವಿಮಲಾಗೆ ಕೈಮುಗಿದಳು. ವಿಮಲಾ ಕಿಟಕಿ ಬಿಟ್ಟು ಒಳಗೆ ಸರಿದಳು. ಅಂದು ಅವಳು ಕಂಡ ಅತ್ಯಂತ ಕಷ್ಟದ ದೃಶ್ಯ ಆ ಮುಗಿದ ಕೈಗಳದ್ದೇ.

ಮನೆಯಲ್ಲಿ ಫಕ್ಕೀರಪ್ಪ ಟಿವಿ ನೋಡುತ್ತ ಕೂತಿದ್ದ. ಪೇಟೆಗೆ ಬನ್ನಿ ಕೊಡಲು ಹೋಗಿರಲಿಲ್ಲ. ವಿಮಲಾ ಎದುರಿಗೆ ನೆಲದ ಮೇಲೆ ಕೂತು, ಕುಂಕುಮದಿಂದ ಹಿಡಿದು ಹೆಬ್ಬೆರಳಿನವರೆಗೆ ಏನನ್ನೂ ಮುಚ್ಚದೆ ಎಲ್ಲ ಹೇಳಿದಳು. ಹೇಳುತ್ತ ಅತ್ತಳು. ಅವನು ಟಿವಿಯ ಸದ್ದು ಕಡಿಮೆ ಮಾಡಿ ಪೂರ್ತಿ ಕೇಳಿದ.

"ನನ್ನ ಕೇಳಬೇಕಾಗಿತ್ತು," ಎಂದಿತು ಪಟ್ಟಿ.

"ಕೇಳಿದ್ರ ಏನಂತಿದ್ರಿ?"

ಅವನು ಅವಳನ್ನೊಮ್ಮೆ ನೋಡಿದ. ಕೈ ಕೊರಳಿಗೆ ಹೋಗಿ ಪಟ್ಟಿಯನ್ನು ಆರಿಸಿತು. ಆಮೇಲೆ ಅವಳು ಎಷ್ಟೋ ಸಲ ಅದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದಳು. ಅವನು ಒಮ್ಮೆಯೂ ಉತ್ತರ ಕೊಡಲಿಲ್ಲ.

ಹಾಗೆಂದು ಅವನು ಮುನಿಸಿಕೊಂಡು ಮೂಲೆ ಸೇರಿದ ಎಂದು ತಿಳಿಯಬೇಡಿ. ದನಿಮನೆಯವರು ಅವನ ತಮ್ಮನ ದನಿ ಹಾಕಿಕೊಡುತ್ತೇವೆ ಎಂದರು, ಬೇಕಾದರೆ ಹೊಸದೊಂದನ್ನು ಕಟ್ಟಿಕೊಡುತ್ತೇವೆ ಎಂದರು. "ಮಂದಿ ದನಿ ನನಗ್ಯಾಕ," ಎಂದು ತುರ್ತು ದನಿಯಲ್ಲೇ ಉಳಿದ. ಉಣ್ಣುತ್ತಿದ್ದ, ಪೇಪರ್ ಓದುತ್ತಿದ್ದ, ಪೇಟೆಗೆ ಹೋಗಿ ಗೆಳೆಯರ ಜೊತೆ ಇಸ್ಪೀಟು ಆಡುತ್ತಿದ್ದ. ಮಾತು ಮಾತ್ರ ಕಡಿಮೆಯಾಯಿತು. ಚಹಾದ ಸವಾಲು ನಿಂತಿತು. ಪಟ್ಟಿಯವರಿಗೂ ಹೇಗೋ ವಿಷಯ ತಿಳಿದು, ದ್ಯಾಮವ್ವ ಒಂದು ದಿನ ಬುಟ್ಟಿ ತುಂಬ ಶೇಂಗಾ ಹೋಳಿಗೆ ತಂದು ಅವನ ಕಾಲು ಹಿಡಿಯಹೋದಳು. ಅವನು ಹಿಂದೆ ಸರಿದು, ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, ಚೊಲೋ ಆಗ್ಯಾವ ಎಂದು ಕೈಸನ್ನೆ ಮಾಡಿದ. ಒಳಗಿದ್ದ ವಿಮಲಾ ಹೊರಗೆ ಬರಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಜನ ಆ ಫೋನಿನ ಬಗ್ಗೆ ಮಾತಾಡಿಕೊಳ್ಳತೊಡಗಿದರು. ಏನೋ ಮಾರಲು ಫೋನ್ ಬರುತ್ತದೆ, ಕಡಿಯಲು ಮನಸ್ಸೇ ಆಗುವುದಿಲ್ಲ, ನಮ್ಮೂರಿನ ಕಾಕಾ ಒಬ್ಬ ಮಾತಾಡಿದಂಗಾಗುತ್ತದೆ ಎಂದು. ವಿಮಲಾ ಯಾರಿಗೂ ಹೇಳದೆ ತನ್ನ ನಂಬರನ್ನು ಸಿಕ್ಕ ಸಿಕ್ಕ ಕಡೆಯೆಲ್ಲ ಕೊಟ್ಟು ಬಂದಳು. ಫ್ರಿಜ್ಜಿನ ಅಂಗಡಿಯಲ್ಲಿ ಗಿರಾಕಿಗಳ ವಹಿಗೆ, ಮಾಲಿನಲ್ಲಿ ಬಹುಮಾನದ ಡಬ್ಬಿಗೆ, ಬೇಡದ ವಿಮೆಗೆ, ಬೇಡದ ಸೈಟಿಗೆ. ಕಾದಳು.

ಒಂದು ಮಧ್ಯಾಹ್ನ ಆ ಫೋನ್ ಬಂತು.

"ನಮಸ್ಕಾರ್ರಿ ಅಕ್ಕಾರ! ಬಿಸಲ ಭಾಳ ಆಗೈತಿ, ಹೌದಲ್ರಿ? ಇಂಥಾ ಬಿಸಲಾಗ ಕುಡಿಯೂ ನೀರ ಸ್ವಚ್ಛ ಇರಬೇಕ್ ನೋಡ್ರಿ," ಎಂದು ಶುರುವಾಯಿತು. ಅದೇ ಸಲಿಗೆ, ಅದೇ ಅಕ್ಕರೆ, ಕೊನೆಗೆ ಅದೇ ಸಣ್ಣ ನಗು. ವಿಮಲಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತಳು. ನೀರು ಶುದ್ಧ ಮಾಡುವ ಯಂತ್ರದ ಗುಣಗಾನವನ್ನೆಲ್ಲ ಕೇಳಿದಳು. ಮುಗಿದದ್ದೇ, "ಇನ್ನೊಮ್ಮೆ ಹೇಳ್ರಿ," ಎಂದಳು. ಅದು ಬೇಸರವಿಲ್ಲದೆ ಇನ್ನೊಮ್ಮೆ ಹೇಳಿತು.

"ಚಹಾ ಆತೇನ್ರಿ ನಿಮ್ದು?" ಎಂದಳು ವಿಮಲಾ.

"ಆತ್ರಿ ಅಕ್ಕಾರ, ನಿಮ್ದು?"

ಆಗಲೇ ಬಾಗಿಲಿನಲ್ಲಿ ಫಕ್ಕೀರಪ್ಪ ನಿಂತಿರುವುದು ಕಂಡಿತು. ಇಸ್ಪೀಟು ಮುಗಿಸಿ ಬಂದಿದ್ದ, ಹೆಗಲ ಮೇಲೆ ಟವೆಲ್ಲಿತ್ತು. ಅವಳು ಅವಸರದಿಂದ ಫೋನ್ ಕಡಿಯಹೋದಳು.

"ಕಡೀಬ್ಯಾಡ. ಸ್ಪೀಕರ್ ಹಚ್ಚು," ಎಂದಿತು ಪಟ್ಟಿ.

ಹಚ್ಚಿದಳು. ಫಕ್ಕೀರಪ್ಪ ಕುರ್ಚಿ ಎಳೆದುಕೊಂಡು ಕೂತು ಕೇಳಿದ. ಅವನ ದನಿ ಮನೆ ತುಂಬ ಓಡಾಡಿತು. ಜಾಲರಿ ಎಷ್ಟು ಸೂಕ್ಷ್ಮ, ಟ್ಯಾಂಕು ಎಷ್ಟು ಗಟ್ಟಿ, ಮೊಮ್ಮಕ್ಕಳ ಹೊಟ್ಟೆಗೆ ಎಷ್ಟು ಹಿತ ಎಂದು ಹೇಳಿತು. ಒಂದೆರಡು ಕಡೆ ಅವನ ತುಟಿಗಳು ಅದರ ಜೊತೆಗೇ ಅಲುಗಿದವು. ವಿಮಲಾ ತಲೆ ತಗ್ಗಿಸಿ ಕೂತಿದ್ದಳು.

ಫಕ್ಕೀರಪ್ಪ ಎದ್ದ. ಬೆನ್ನು ತಿರುಗಿಸಿ ಕೊಡದಿಂದ ಒಂದು ತಂಬಿಗೆ ನೀರು ತೋಡಿಕೊಂಡ.

"ಅಂವಾ ಚೊಲೋ ಮಾರ್ತಾನ. ತಗೋ ಒಂದು," ಎಂದ.

ವಿಮಲಾ ತಟ್ಟನೆ ತಲೆಯೆತ್ತಿದಳು. ಸಿಟ್ಟಿನಿಂದ ಅಂದನೋ, ಚೇಷ್ಟೆಗೆ ಅಂದನೋ, ಹೋಗಲಿ ಬಿಡು ಎಂದು ಕ್ಷಮಿಸಿ ಅಂದನೋ? ಮದುವೆಯಾದಾಗಿನಿಂದ ಆ ಮನುಷ್ಯನ ಒಂದೊಂದು ಮಾತಿನ ಕೊನೆಯಿಂದಲೇ ಅವನ ಮನಸ್ಸನ್ನು ತಿಳಿದವಳು ಅವಳು. ಈ ಮಾತಿಗೆ ಕೊನೆಯೇ ಇರಲಿಲ್ಲ. ತುರ್ತು ದನಿ ಅದನ್ನು ನೀರು ಕೊಡು ಎಂದಷ್ಟೇ ಸಪ್ಪಗೆ ಹೇಳಿತ್ತು. ಅವನು ತಂಬಿಗೆ ಹಿಡಿದು ಹಿತ್ತಲಿಗೆ ಹೋದ.

"ಅಕ್ಕಾರ?" ಎಂದು ಫೋನಿನಲ್ಲಿ ಅವನ ದನಿ ಅಕ್ಕರೆಯಿಂದ ಕೇಳುತ್ತಿತ್ತು. "ಅದೀರಿಲ್ರಿ, ಅಕ್ಕಾರ?"